‘ವಾಹನವು ತಾನೇ ಚಲಿಸಿತು’ ಎಂಬ ತಮ್ಮ ಷರಾ ಕುರಿತು

ಕೂಡ್ಲಿಗಿ,
೨೪ ಜುಲೈ ೨೦೦೬, ಸೋಮವಾರ

ಇವರಿಗೆ,
ಪ್ರತಿ ತಿಂಗಳ ಮೂರನೆಯ ಬುಧವಾರ ನಮ್ಮ ಊರಿಗೆ ದಯಮಾಡಿಸುವ
ಮಾನ್ಯ ಮೋಟಾರು ವಾಹನ ನಿರೀಕ್ಷಕರಿಗೆ

ಮಾನ್ಯರೇ,

ತಾವೂ, ತಮ್ಮ ಮೇಜೂ, ಮೇಜಿನ ಮೇಲಿನ ರಬ್ಬರ್ ಸ್ಟಾಂಪುಗಳೂ ಕ್ಷೇಮವೆಂದು ನಂಬಿ ಈ ಪತ್ರವನ್ನು ಆರಂಭಿಸುತ್ತೇನೆ. ಇಲ್ಲಿ ನಾನು, ನನ್ನ ಧರ್ಮಪತ್ನಿ ನಾಗಲಿಂಗಮ್ಮ ಮತ್ತು ನಮ್ಮ ಡ್ರೈವಿಂಗ್ ಸ್ಕೂಲಿನ ಏಕೈಕ ವಾಹನವಾದ ೧೯೮೪ರ ಮಾದರಿಯ ಪದ್ಮಿನಿ ಕಾರು, ಮೂವರೂ ನಿಂತಲ್ಲೇ ಕ್ಷೇಮವಾಗಿದ್ದೇವೆ. ಈ ಪತ್ರದ ಒಂದು ಪ್ರತಿಯನ್ನು ಬಸ್ ನಿಲ್ದಾಣದ ಗೋಡೆಗೆ ಅಂಟಿಸಿದ್ದೇನೆ. ತಮ್ಮ ಮೇಲಿನ ಅಪನಂಬಿಕೆ ಅದಕ್ಕೆ ಕಾರಣವಲ್ಲ. ತಮಗೆ ಓದಲು ಬಿಡುವಾಗದಿದ್ದರೆ ಬಸ್ಸಿಗೆ ಕಾಯುವವರಾದರೂ ಓದಲಿ ಎಂಬ ಮಿತವ್ಯಯದ ಉದ್ದೇಶ.

ಕಳೆದ ಬುಧವಾರ, ಹತ್ತೊಂಬತ್ತನೆಯ ತಾರೀಖು, ನಮ್ಮ ಊರಿನಲ್ಲಿ ನಡೆದ ತಮ್ಮ ಶಿಬಿರದಲ್ಲಿ ನನ್ನ ವಿದ್ಯಾರ್ಥಿನಿ ಶಾಂತಕುಮಾರಿಯವರನ್ನು ತಾವು ಚಾಲನಾ ಪರೀಕ್ಷೆಗೆ ಒಳಪಡಿಸಿ, ಅನುತ್ತೀರ್ಣಗೊಳಿಸಿ, ಅವರ ಅರ್ಜಿಯ ಮೇಲೆ ಕೆಂಪು ಶಾಯಿಯಲ್ಲಿ ಹೀಗೆ ಷರಾ ಬರೆದಿರಿ: ‘ಅಭ್ಯರ್ಥಿಯು ವಾಹನವನ್ನು ಚಲಾಯಿಸಲಿಲ್ಲ. ವಾಹನವು ತಾನೇ ಚಲಿಸಿತು.’ ಇಷ್ಟು ಚಿಕ್ಕ, ಇಷ್ಟು ಸ್ಪಷ್ಟ ಕನ್ನಡ ವಾಕ್ಯಗಳನ್ನು ಸರ್ಕಾರಿ ಕಾಗದದ ಮೇಲೆ ನಾನು ನೋಡಿದ್ದು ಇದೇ ಮೊದಲು. ಆ ವಾಕ್ಯಗಳನ್ನು ಮೆಚ್ಚುತ್ತಲೇ ಅವುಗಳ ಬಗ್ಗೆ ನನ್ನ ದೂರನ್ನು ಸಲ್ಲಿಸುತ್ತಿದ್ದೇನೆ. ಈ ತಿಂಗಳ ಮೂವತ್ತೊಂದರೊಳಗೆ ಶಾಂತಕುಮಾರಿಯವರ ಕೈಗೆ ಲೈಸೆನ್ಸ್ ಬಾರದಿದ್ದರೆ ಅವರ ಕೆಲಸ ಹೋಗುತ್ತದೆ. ತಮ್ಮ ಮುಂದಿನ ಶಿಬಿರ ಇರುವುದು ಆಗಸ್ಟ್ ಹದಿನಾರಕ್ಕೆ.

ಅವರ ಕೆಲಸದ ವಿಷಯವನ್ನು ಮೊದಲು ತಿಳಿಸಬೇಕು. ಶಾಂತಕುಮಾರಿಯವರು ಆರು ವರ್ಷಗಳಿಂದ ಇಲ್ಲಿನ ಮಹಿಳಾ ಸಂಘಗಳ ಒಕ್ಕೂಟವೊಂದರಲ್ಲಿ ಕಾರ್ಯಕರ್ತೆಯಾಗಿದ್ದಾರೆ. ಕೊಟ್ಟೂರಿನ ಈಚೆಯ ಹಳ್ಳಿಗಳಿಂದ ಹಗರಿಬೊಮ್ಮನಹಳ್ಳಿಯ ಗಡಿಯವರೆಗೆ ಮೂವತ್ತೆಂಟು ಸಂಘಗಳ ಹೆಂಗಸರ ಹೆಸರು, ಅವರ ಮಕ್ಕಳ ಹೆಸರು, ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆಂಬ ವಿವರ, ಎಲ್ಲವೂ ಅವರಿಗೆ ಬಾಯಿಪಾಠ. ಒಕ್ಕೂಟಕ್ಕೆ ಒಂದು ಹಳೆಯ ಜೀಪು, ಜೀಪಿಗೊಬ್ಬ ಚಾಲಕ ಇದ್ದರು. ಡೀಸೆಲ್ ದರ ಕಳೆದ ತಿಂಗಳು ಮತ್ತೆ ಏರಿದಾಗ ಒಕ್ಕೂಟದ ಅಧ್ಯಕ್ಷೆ ತಿಪ್ಪೇರುದ್ರಮ್ಮನವರು ಸಭೆ ಕರೆದು ಕೇಳಿದರು: “ಡೀಸಲ್ ಹಾಕ್ಸಾನೇನು, ಡ್ರೈವರ್‌ನ ಇಟ್ಕಳ್ಳಾನೇನು? ಎರಡರಾಗ ಒಂದು ಹೇಳ್ರಬೇ.” ಡೀಸೆಲ್ ಇಲ್ಲದೆ ಜೀಪು ಓಡಲಾರದು, ಚಾಲಕನಿಲ್ಲದೆ ಓಡಬಹುದು ಎಂಬ ನಿರ್ಣಯಕ್ಕೆ ಸಭೆ ಬಂದಿತು. ಇನ್ನು ಮುಂದೆ ಎಲ್ಲ ಸಂಘಗಳಿಗೂ ಒಬ್ಬರೇ ಮೇಲ್ವಿಚಾರಕರು, ಜೀಪನ್ನೂ ಅವರೇ ಓಡಿಸಬೇಕು. ಓಡಿಸಲು ಬರುವವರಿಗೇ ಆ ಹುದ್ದೆ. ಉಳಿದ ಕಾರ್ಯಕರ್ತೆಯರ ಜಾಗಗಳು ರದ್ದು.

ಆಗ ಶಾಂತಕುಮಾರಿಯವರು ಎದ್ದು ನಿಂತು, “ಜೀಪು ನಾನು ಓಡಸ್ತೀನ್ರಕ್ಕಾ” ಎಂದರಂತೆ. ಅದುವರೆಗೆ ಅವರು ಓಡಿಸಿದ್ದು ಹೊಲಿಗೆ ಯಂತ್ರ ಮಾತ್ರ. ತಿಪ್ಪೇರುದ್ರಮ್ಮನವರು ಕನ್ನಡಕದ ಮೇಲಿಂದ ನೋಡಿ, “ಬಾಯಿಲೆ ಓಡ್ಸಿದ್ರ ಆಗಂಗಿಲ್ಲವ್ವಾ. ಜುಲೈ ಮುಗಿಯೊತ್ತಿಗೆ ಲೈಸೆನ್ಸ್ ತಂದು ಈ ಟೇಬಲ್ ಮ್ಯಾಲೆ ಇಡು” ಎಂದರು. ಹಗರಿಬೊಮ್ಮನಹಳ್ಳಿಯ ಕಡೆಯ ಒಬ್ಬ ಗೃಹಸ್ಥರು, ಲೈಸೆನ್ಸ್ ಇದ್ದು ಸಂಘಗಳ ತಲೆಬುಡ ಮಾತ್ರ ಗೊತ್ತಿಲ್ಲದವರು, ಅದೇ ಹುದ್ದೆಗೆ ಅರ್ಜಿ ಹಾಕಿ ಆಗಸ್ಟ್ ಒಂದಕ್ಕೆ ಕಾಯುತ್ತಿದ್ದಾರೆ.

ಮರುದಿನ ಬೆಳಿಗ್ಗೆಯೇ ಶಾಂತಕುಮಾರಿಯವರು, ಈ ಹಿಂದೆಯೇ ಯಾವುದೋ ಗುರುತಿನ ಚೀಟಿಯ ಅಗತ್ಯಕ್ಕೆಂದು ಮಾಡಿಸಿಟ್ಟಿದ್ದ ಕಲಿಕಾ ಲೈಸೆನ್ಸನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದರು. ಅವರನ್ನು ನಾನು ಅತ್ಯಂತ ವಿಶ್ವಾಸದಿಂದ ಸೇರಿಸಿಕೊಂಡೆ. ಅವರಿಗೆ ದೊರೆತ ಶಿಕ್ಷಣ ಎಂತಹದೆಂದು ತಾವು ಅರಿಯಬೇಕಾದರೆ ನಮ್ಮ ಬೋಧನಾಕ್ರಮದ ಇತಿಹಾಸವನ್ನು ಸ್ವಲ್ಪ ಕೇಳಬೇಕಾಗುತ್ತದೆ.

೧೯೯೧ರಲ್ಲಿ ನಾನು ಸ್ಕೂಲು ತೆರೆದಾಗ ಪಾಠವೆಂದರೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಕಾರು ಓಡಿಸಿಕೊಂಡು ಹೋಗಿ, ಅಲ್ಲಿ ಮಂಡಕ್ಕಿ ಮಿರ್ಚಿ ತಿಂದು, ತಿರುಗಿ ಬರುವುದು. ಪೆಟ್ರೋಲ್ ದರ ಒಮ್ಮೆ ಏರಿತು. ಪಾಠವು ಅರ್ಧ ದಾರಿಯಲ್ಲಿ ತಿರುಗತೊಡಗಿತು. ಮತ್ತೊಮ್ಮೆ ಏರಿತು, ಊರ ಹೊರಗಿನ ಸೇತುವೆಯ ಬಳಿ ತಿರುಗತೊಡಗಿತು. ಹೀಗೆ ಪ್ರತಿ ಏರಿಕೆಗೂ ಕೊಟ್ಟೂರು ನಮ್ಮಿಂದ ಒಂದಿಷ್ಟು ದೂರ ಸರಿಯುತ್ತಾ, ಹೊಸ ಶತಮಾನ ಬರುವ ಹೊತ್ತಿಗೆ ಪಾಠವು ನಮ್ಮ ಮನೆಯ ಅಂಗಳಕ್ಕೆ ಬಂದು ನಿಂತಿತು.

ಓಡುವ ಕಾರಿನಲ್ಲಿ ಯಾರು ಬೇಕಾದರೂ ಕಲಿಸಬಹುದು. ನಿಂತ ಕಾರಿನಲ್ಲಿ ಕಲಿಸುವುದಕ್ಕೆ ಬೋಧಕನಲ್ಲಿ ಸಾಮರ್ಥ್ಯ ಬೇಕು. ಮೊದಲ ಹತ್ತು ದಿನ ವಿದ್ಯಾರ್ಥಿಯು ಸ್ಟೇರಿಂಗ್ ಹಿಡಿದು, ಕ್ಲಚ್ ತುಳಿದು, ಗೇರ್ ಬದಲಿಸಿ, ಆಯಾ ಗೇರಿಗೆ ತಕ್ಕ ಸದ್ದನ್ನು ಬಾಯಿಂದಲೇ ಹೊರಡಿಸಬೇಕು. ಗೊಬ್ಬರದ ಅಂಗಡಿಯ ಬೊಮ್ಮಪ್ಪನವರು ಈ ವಿಷಯದಲ್ಲಿ ನಮ್ಮ ಸ್ಕೂಲಿಗೇ ಮೊದಲಿಗರು. ಅವರ ಸದ್ದು ಎಷ್ಟು ನಿಖರವೆಂದರೆ, ಅಡುಗೆಮನೆಯಿಂದ ನಾಗಲಿಂಗಮ್ಮ, “ಏನ್ರೀ, ಬೊಮ್ಮಪ್ಪಣ್ಣಾರು ನಾಕನೇ ಗೇರಿಗೆ ಬಂದ್ರೂ ಚಾ ಹಂಗ ಐತಲ್ರಿ, ಆರಿ ಹೊಕ್ಕೈತಿ, ಇಳೀರಿ ಅಂತ ಹೇಳ್ರಿ” ಎಂದು ಕೂಗುತ್ತಿದ್ದರು. ಬೊಮ್ಮಪ್ಪನವರು ಮೂರು, ಎರಡು, ಒಂದನೆಯ ಗೇರುಗಳಿಗೆ ಕ್ರಮವಾಗಿ ಬಂದು, ಹ್ಯಾಂಡ್ ಬ್ರೇಕ್ ಎಳೆದ ಮೇಲೆಯೇ ಚಹಾದ ಲೋಟಕ್ಕೆ ಕೈ ಚಾಚುತ್ತಿದ್ದರು.

ಇದನ್ನು ತಾವು ವಿಚಿತ್ರವೆಂದು ಭಾವಿಸಬಾರದು, ಏಕೆಂದರೆ ಇಡೀ ಊರೇ ಹೀಗೆ ಸುಧಾರಿಸಿದೆ. ಮೊದಲು ಬೈಕ್ ಸವಾರರು ದಾರಿಯಲ್ಲಿ ಪರಿಚಿತರು ಸಿಕ್ಕರೆ ಎಂಜಿನ್ ಆರಿಸದೆ ಎರಡು ಮಾತಾಡಿ ಹೋಗುತ್ತಿದ್ದರು. ಈಗ ಮೊದಲು ಎಂಜಿನ್ ಆರಿಸುತ್ತಾರೆ. ಆರಿಸಿದ ಮೇಲೆ ಮತ್ತೆ ಚಾಲೂ ಮಾಡಲು ಮನಸ್ಸಾಗದೆ ಮಾತು ಬೆಳೆಯುತ್ತದೆ. ಹೀಗಾಗಿ ಊರಿನಲ್ಲಿ ಸ್ನೇಹ ಹೆಚ್ಚಿದೆ. ಮೊಪೆಡ್ಡಿನವರು ಗಾಡಿಯನ್ನು ಪೆಟ್ರೋಲ್ ಬಂಕಿನ ಎದುರಿನಲ್ಲೇ ಎಡಕ್ಕೆ ವಾಲಿಸಿ, ಟ್ಯಾಂಕಿನ ಮೂಲೆಯಲ್ಲಿ ಅಡಗಿದ ಹನಿಗಳನ್ನು ನಳಿಗೆಗೆ ಇಳಿಸಿಕೊಂಡು, ಬಂಕಿಗೆ ಕೈಮುಗಿದು ಮುಂದೆ ಹೋಗುತ್ತಾರೆ. ಖಾಸಗಿ ಪಶುವೈದ್ಯರೊಬ್ಬರು ಈಗ ಮಂಗಳವಾರ ಮಾತ್ರ ಹಳ್ಳಿಗಳ ಕಡೆ ಹೋಗುವುದರಿಂದ, ಎಮ್ಮೆಗಳು ಸೋಮವಾರದ ಹೊತ್ತಿಗೆ ಕಾಯಿಲೆ ಬೀಳುವುದನ್ನು ರೂಢಿಸಿಕೊಂಡಿವೆ. ಎಲ್ಲರೂ ಬದಲಾಗಿರುವಾಗ ಒಂದು ಡ್ರೈವಿಂಗ್ ಸ್ಕೂಲು ಮಾತ್ರ ಹಳೆಯ ಕಾಲದವರ ಹಾಗೆ ಪೆಟ್ರೋಲ್ ಸುಡುತ್ತಾ ಕುಳಿತಿರುವುದು ಶೋಭಿಸುತ್ತಿರಲಿಲ್ಲ.

ಆದರೂ ಅಂಗಳದ ಪಾಠದಲ್ಲಿ ಒಂದು ಕೊರತೆ ಇತ್ತೆಂದು ಒಪ್ಪುತ್ತೇನೆ. ಕಾರು ಚಲಿಸುತ್ತಿರಲಿಲ್ಲ. ಇದಕ್ಕೆ ಪರಿಹಾರ ದೊರೆತದ್ದು ಲೀಟರಿನ ದರ ಐವತ್ತನ್ನು ದಾಟಿದ ಮೇಲೆ. ಊರ ಹೊರಗೆ ಒಂದು ದಿಬ್ಬವಿರುವುದು ತಮಗೆ ಗೊತ್ತಿದೆ. ಆ ದಿಬ್ಬದ ನೆತ್ತಿಯಿಂದ ಊರೊಳಗಿನವರೆಗೆ ರಸ್ತೆ ಒಂದೇ ಸಮನೆ ಇಳಿಯುತ್ತದೆ. ಟ್ರ್ಯಾಕ್ಟರಿನ ಮೈಲಪ್ಪನವರು ದಿನವೂ ಬೆಳಿಗ್ಗೆ ಖಾಲಿ ಟ್ರೈಲರ್ ಕಟ್ಟಿಕೊಂಡು ಆ ದಿಬ್ಬದ ಮೇಲಿನ ಕಲ್ಲಿನ ಕ್ವಾರಿಗೆ ಹೋಗುತ್ತಾರೆ. ಅವರ ಟ್ರೈಲರಿನ ಹಿಂದೆ ಹಗ್ಗದಿಂದ ನಮ್ಮ ಕಾರನ್ನು ಕಟ್ಟಿದರೆ ಏರುವ ಪಾಠ ಮುಗಿಯುತ್ತದೆ. ನೆತ್ತಿಯಲ್ಲಿ ಹಗ್ಗ ಬಿಚ್ಚಿ ಕೈಬಿಟ್ಟರೆ ಇಳಿಯುವ ಪಾಠ ಮುಗಿಯುತ್ತದೆ. ಇದಕ್ಕೆ ಪ್ರತಿಯಾಗಿ ನನ್ನ ವಿದ್ಯಾರ್ಥಿಗಳು ಮೈಲಪ್ಪನವರ ಟ್ರೈಲರಿಗೆ ಅರ್ಧ ಗಂಟೆ ಕಲ್ಲು ತುಂಬಿಕೊಡುತ್ತಾರೆ. ಇದರಿಂದ ತೋಳಿಗೆ ಬಲ ಬರುತ್ತದೆ. ನಮ್ಮ ಕಾರಿನ ಸ್ಟೇರಿಂಗ್ ತಿರುಗಿಸಲು ಅದು ಅವಶ್ಯ.

ಹಗ್ಗದ ಹಿಂದೆ ಸಾಗುವುದು ಸಣ್ಣ ವಿದ್ಯೆಯಲ್ಲ. ಹಗ್ಗ ಸಡಿಲವಾದರೆ ಮುಂದಿನ ಗಾಡಿಗೆ ಗುದ್ದುತ್ತೇವೆ, ಹೆಚ್ಚು ಬಿಗಿದರೆ ಹಗ್ಗ ಹರಿಯುತ್ತದೆ. ಮೊದಲ ದಿನ ಶಾಂತಕುಮಾರಿಯವರನ್ನು ಮೈಲಪ್ಪನವರು ಟ್ರ್ಯಾಕ್ಟರ್ ಮೇಲಿಂದಲೇ ತಿರುಗಿ ನೋಡಿ, “ಹಗ್ಗ ಬಿಗಿ ಇರ್ಲಿ ಯವ್ವಾ, ಇಲ್ಲಾಂದ್ರ ಸೀದಾ ನನ್ನ ಟ್ರೈಲರಿನ್ಯಾಗ ಬಂದು ಕುಂದರ್ತಿ!” ಎಂದು ಎಚ್ಚರಿಸಿದರು. ಶಾಂತಕುಮಾರಿಯವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, “ಕುಂತ್ರ ಕಲ್ಲು ತುಂಬೋದು ತಪ್ಪತೈತಿ ಬಿಡಣ್ಣ, ನೀ ಮುಂದ ನೋಡಿ ಓಡ್ಸು” ಎಂದರು. ಆ ಹಗ್ಗವನ್ನು ಅವರು ಒಂದು ದಿನವೂ ಸಡಿಲ ಬಿಡಲಿಲ್ಲ.

ಇಳಿಯುವುದರಲ್ಲಿ ಅವರ ಸಮಾನರು ಸುತ್ತಲಿನ ತಾಲ್ಲೂಕುಗಳಲ್ಲಿ ಇಲ್ಲವೆಂದು ನಾನು ಬರೆದು ಕೊಡಬಲ್ಲೆ. ಎಂಜಿನ್ ಇಲ್ಲದೆ ಇಳಿಯುವ ಕಾರು ಒಮ್ಮೆ ನಿಂತರೆ ಅಲ್ಲಿಗೇ ಪಾಠ ಮುಗಿಯಿತು, ಉಳಿದ ದಾರಿಯನ್ನು ತಳ್ಳಬೇಕು. ಆದ್ದರಿಂದ ಅರ್ಧ ಫರ್ಲಾಂಗು ದೂರದಲ್ಲಿ ಎಮ್ಮೆ ಯಾವ ಕಡೆ ತಲೆ ತಿರುಗಿಸಿದೆ, ಸೈಕಲ್ಲಿನವನು ಕೈ ತೋರಿಸದೆ ಎತ್ತ ಹೊರಳುತ್ತಾನೆ ಎಂಬುದನ್ನು ಅವರು ಮೊದಲೇ ಓದುತ್ತಿದ್ದರು. ಎಂಜಿನ್ ಓಡದ್ದರಿಂದ ಬ್ಯಾಟರಿ ತುಂಬದೆ, ಹಾರ್ನ್ ಬಾರಿಸುವುದನ್ನೂ ನಾನು ನಿಷೇಧಿಸಿದ್ದೆ. ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಏ ಯಜ್ಜಾ, ಬದೀಗೆ ಸರೀರಿ, ನಿಲ್ಸಂಗಿಲ್ಲ!” ಎಂದು ಕೂಗುತ್ತಿದ್ದರು. ಒಬ್ಬ ಅಜ್ಜನವರು ಬೆಚ್ಚಿ ಚರಂಡಿಯ ಅಂಚಿಗೆ ಹಾರಿ, “ಅಯ್ಯ ತಂಗೀ, ಸಪ್ಪಳ ಇಲ್ಲದಂಗ ದೆವ್ವ ಬಂದಂಗ ಬಂದ್ಯಲ್ಲಬೇ!” ಎಂದದ್ದನ್ನು ನಾನು ಅವರ ಚಾಲನೆಗೆ ದೊರೆತ ಪ್ರಶಂಸೆ ಎಂದೇ ಪರಿಗಣಿಸಿದ್ದೇನೆ. ಕಾರು ತಾನಾಗಿ ನಿಂತ ಜಾಗದಲ್ಲಿ ಅವರು ದಿನವೂ ರಸ್ತೆಯ ಅಂಚಿಗೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಜೂನ್ ಕೊನೆಗೆ ಗೆರೆ ಬಸ್ ನಿಲ್ದಾಣವನ್ನು ತಲುಪಿತ್ತು. ಜುಲೈ ಹತ್ತಕ್ಕೆ ತಾಲ್ಲೂಕು ಕಛೇರಿಯ ಗೇಟನ್ನು ದಾಟಿತು. ನನ್ನ ಹದಿನೈದು ವರ್ಷಗಳ ಅನುಭವದಲ್ಲಿ ಅಲ್ಲಿಯವರೆಗೆ ಬಂದವರು ಬೇರೊಬ್ಬರಿಲ್ಲ, ನನ್ನನ್ನೂ ಸೇರಿಸಿ.

ಈ ಅವಧಿಯಲ್ಲಿ ನಾನು ಅವರಿಗಾಗಿ ಎಂಜಿನ್ ಚಾಲೂ ಮಾಡಿದ್ದು ನಾಲ್ಕು ಬಾರಿ. ಅವುಗಳಲ್ಲಿ ಒಂದು ಕೈತಪ್ಪಿ ಆದದ್ದು.

ಈಗ ಪರೀಕ್ಷೆಯ ದಿನಕ್ಕೆ ಬರುತ್ತೇನೆ. ತಾವು ಅವರ ಎಡಕ್ಕೆ ಕುಳಿತಿರಿ, ನಾನು ಹಿಂದಿನ ಸೀಟಿನಲ್ಲಿದ್ದೆ. ‘ಸ್ಟಾರ್ಟ್ ಮಾಡಿ’ ಎಂದು ತಾವು ಹೇಳಿದ ಕೂಡಲೇ, ಸರದಿಯಲ್ಲಿ ನಿಂತಿದ್ದ ಬೊಮ್ಮಪ್ಪನವರೂ ನನ್ನ ಇನ್ನಿಬ್ಬರು ವಿದ್ಯಾರ್ಥಿಗಳೂ ಓಡಿ ಬಂದು ಡಿಕ್ಕಿಗೆ ಕೈ ಕೊಟ್ಟು ನಿಂತರು. ತಾವು ಹೊರಳಿ ನೋಡಿ “ಯಾರ್ರೀ ಇವರೆಲ್ಲ?” ಎಂದು ಕೇಳಿದಿರಿ. “ಸ್ಟಾರ್ಟ್ ಮಾಡೋರು ರೀ ಸಾರ್” ಎಂದು ಬೊಮ್ಮಪ್ಪನವರು ಉತ್ತರಿಸಿದರು. ಅವರನ್ನು ತಾವು ದೂರ ಕಳುಹಿಸಿದ್ದು ನಮ್ಮ ಪಠ್ಯಕ್ರಮದ ಹೊರಗಿನ ಪ್ರಶ್ನೆಯಾಗಿತ್ತು. ಆದರೂ ನಾವು ಆಕ್ಷೇಪಿಸಲಿಲ್ಲ. ಶಾಂತಕುಮಾರಿಯವರು ಕೀಲಿ ತಿರುಗಿಸಿದರು. ಎಂಜಿನ್ ಚಾಲೂ ಆದ ಸದ್ದಿಗೆ ಅವರ ಭುಜ ಒಮ್ಮೆ ಅದುರಿದ್ದನ್ನು ನಾನು ಹಿಂದಿನಿಂದ ಕಂಡೆ. ಆದರೂ ಅವರು ದಿಬ್ಬವನ್ನು ಎರಡನೆಯ ಗೇರಿನಲ್ಲಿ ಹತ್ತಿಸಿದರು. ಹಗ್ಗವಿಲ್ಲದೆ ಅವರು ಆ ಏರನ್ನು ಹತ್ತಿದ್ದು ಅದೇ ಮೊದಲು. ನೆತ್ತಿಯಲ್ಲಿ ಕೈ ಸನ್ನೆ ತೋರಿಸಿ, ತಾವು ಹೇಳಿದಂತೆಯೇ ಕಾರನ್ನು ತಿರುಗಿಸಿದರು. ಅಲ್ಲಿಯವರೆಗೆ ತಾವು ತಲೆಯಾಡಿಸುತ್ತಿದ್ದಿರಿ.

ಇಳಿಜಾರು ಆರಂಭವಾದ ಕೂಡಲೇ ಅವರು ದಿನವೂ ಮಾಡುವಂತೆ ಗೇರನ್ನು ನ್ಯೂಟ್ರಲಿಗೆ ತಂದು, ಕೀಲಿ ಹಿಂದಕ್ಕೆ ತಿರುಗಿಸಿ ಎಂಜಿನ್ ಆರಿಸಿದರು. “ಏನಮ್ಮಾ, ಗಾಡಿ ಆಫ್ ಆಯ್ತಲ್ಲ?” ಎಂದು ತಾವು ಗಾಬರಿಯಿಂದ ಕೇಳಿದಿರಿ. “ನಾನ ಆರ್ಸಿದೆ ರೀ ಸಾರ್, ಇಳಿಕಿ ಬಂತಲ್ರಿ” ಎಂದರು ಅವರು. “ಇಳಿಜಾರಾದರೆ ಆರಿಸುವುದೇ?” ಎಂದಿರಿ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, ತಮಗೇ ಪಾಠ ಹೇಳುವ ತಾಳ್ಮೆಯಿಂದ, “ಇಳಿಕ್ಯಾಗ ಎಂಜಿನ್ ಯಾಕ ಬೇಕ್ರಿ ಸಾರ್? ತಾನ ಹೊಕ್ಕೈತಿ” ಎಂದರು. ಆ ಕೊನೆಯ ಎರಡು ಪದಗಳನ್ನು ತಾವು ಶುದ್ಧ ಗ್ರಂಥಸ್ಥ ಕನ್ನಡಕ್ಕೆ ಪರಿವರ್ತಿಸಿ ಷರಾ ಆಗಿ ಬಳಸಿಕೊಂಡಿದ್ದೀರಿ. ಅಭ್ಯರ್ಥಿಯ ಮಾತನ್ನು ಇಷ್ಟು ಗಮನವಿಟ್ಟು ಕೇಳುವ ಅಧಿಕಾರಿಗಳು ಅಪರೂಪ.

ಅನಂತರ ನಡೆದದ್ದು ಮಾತ್ರ ತಮ್ಮ ಷರಾದಲ್ಲಿ ಇಲ್ಲ. ಅರ್ಧ ಇಳಿಜಾರಿನಲ್ಲಿ ಒಂದು ಕುರಿ ಹಿಂಡು ರಸ್ತೆಗೆ ಬಂದಿತು. ತಾವು ಎರಡೂ ಪಾದಗಳಿಂದ ಕಾರಿನ ನೆಲವನ್ನು ಒತ್ತುತ್ತಿದ್ದಿರಿ. ಕುರುಬರು “ಹೋಯ್ ಹೋಯ್” ಎಂದು ಕೋಲು ಬೀಸುತ್ತಿದ್ದರು. ಶಾಂತಕುಮಾರಿಯವರು ಹದವಾಗಿ ಬ್ರೇಕ್ ಅದುಮಿ, ಕೊನೆಯ ಕುಂಟು ಕುರಿ ದಾಟುವಷ್ಟು ವೇಗ ತಗ್ಗಿಸಿ, ನಿಲ್ಲದಷ್ಟು ವೇಗ ಉಳಿಸಿಕೊಂಡು, ಮುಂದೆ ಸಾಗಿ, ತಮ್ಮನ್ನು ಶಿಬಿರದ ಬೇವಿನ ಮರದ ನೆರಳಿನಲ್ಲೇ ಇಳಿಸಿದರು. ವಾಹನವು ಇದೆಲ್ಲವನ್ನೂ ತಾನೇ ಮಾಡಿದ್ದರೆ, ಲೈಸೆನ್ಸನ್ನು ವಾಹನಕ್ಕಾದರೂ ಕೊಟ್ಟು ಹೋಗಬೇಕಿತ್ತೆಂದು ವಿನಯದಿಂದ ಸೂಚಿಸುತ್ತೇನೆ. ಅದರ ಫೋಟೋ ಮೂರು ಪ್ರತಿ ನನ್ನಲ್ಲಿವೆ.

ತಮ್ಮ ಷರಾವನ್ನು ಎತ್ತಿ ಹಿಡಿಯುವುದೇ ಇಲಾಖೆಯ ನಿಲುವಾದರೆ, ಯಾವ ಯಾವ ರಸ್ತೆಗಳ ಮೇಲೆ ವಾಹನವನ್ನು ನಾವು ಚಲಾಯಿಸಬೇಕು, ಯಾವ ಯಾವ ರಸ್ತೆಗಳ ಮೇಲೆ ಅದು ತಾನೇ ಚಲಿಸುತ್ತದೆ ಎಂಬ ಒಂದು ಪಟ್ಟಿಯನ್ನು, ಹಡಗಲಿ ಹಾಗೂ ಹರಪನಹಳ್ಳಿಯ ಕಡೆಯ ರಸ್ತೆಗಳನ್ನೂ ಸೇರಿಸಿ ಪ್ರಕಟಿಸಲು ಕೋರುತ್ತೇನೆ. ಇಳಿಯುವ ದಾರಿಗಷ್ಟೇ ಮಾನ್ಯವಾದ ಒಂದು ಲೈಸೆನ್ಸನ್ನು ಹೊಸದಾಗಿ ಜಾರಿಗೆ ತಂದರೂ ನಮ್ಮ ತಕರಾರಿಲ್ಲ. ಹಾಗೆ ಮಾಡುವುದಾದರೆ ಲೋಕೋಪಯೋಗಿಯವರೊಡನೆ ಮಾತಾಡಿ ಕೂಡ್ಲಿಗಿಯಿಂದ ಕೊಟ್ಟೂರಿಗೂ ಕೊಟ್ಟೂರಿನಿಂದ ಕೂಡ್ಲಿಗಿಗೂ ಇಳಿಜಾರಾಗಿರುವಂತಹ ರಸ್ತೆಯೊಂದನ್ನು ಮಂಜೂರು ಮಾಡಿಸಬೇಕು. ಇಳಿಜಾರಿನ ದರವನ್ನು ಇದುವರೆಗೆ ಯಾರೂ ಏರಿಸಿಲ್ಲ. ಈ ವಿಷಯವನ್ನು ದಯವಿಟ್ಟು ಮೇಲಿನವರ ಗಮನಕ್ಕೆ ತರಬೇಡಿ.

ಇಷ್ಟು ಬರೆದ ಮೇಲೆ, ದೂರಿನ ಪತ್ರದಲ್ಲಿ ಸಾಮಾನ್ಯವಾಗಿ ಇರದ ಒಂದು ವಿಷಯವನ್ನೂ ಬರೆಯಬೇಕಾಗಿದೆ. ತಾವು ಹೊರಟ ಮೇಲೆ ಶಾಂತಕುಮಾರಿಯವರು ಬೇವಿನ ಮರದ ಕಟ್ಟೆಯ ಮೇಲೆ ಅರ್ಜಿ ಹಿಡಿದು ಕುಳಿತಿದ್ದರು. ನಿರೀಕ್ಷಕರಿಗೆ ಏನೂ ತಿಳಿಯುವುದಿಲ್ಲ, ಪೆಟ್ರೋಲಿನ ಬೆಲೆ ಅವರ ಕೈಯಿಂದ ಹೋಗುವುದಿಲ್ಲವಲ್ಲ ಎಂದೆಲ್ಲ ನಾನು ತಮ್ಮನ್ನು ಸಾಕಷ್ಟು ಟೀಕಿಸಿದೆ. ಅದಕ್ಕೆ ಇಲ್ಲಿಯೇ ಕ್ಷಮೆ ಕೇಳುತ್ತೇನೆ. ಅವರು ಎಲ್ಲವನ್ನೂ ಕೇಳಿಸಿಕೊಂಡು ನಿಧಾನವಾಗಿ ಹೇಳಿದರು: “ಅವ್ರು ಬರದಿದ್ದು ಖರೇನ ಐತ್ರಿ ಸಾರ್. ನನ್ನ ಮೂವತ್ತೆಂಟು ಸಂಘಕ್ಕ ಹೋಗಾಕ ಬರೇ ಇಳಿಕಿ ಎಲ್ಲೈತ್ರಿ? ನನಗ ಗಾಡಿ ಓಡ್ಸಾಕ ಬರ್ತೈತಿ ಅಂತ ನಾನು ತಿಳ್ಕಂಡಿದ್ದೆ. ನೀವೂ ಹಂಗ ಹೇಳಿದ್ರಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಹದಿನೈದು ವರ್ಷಗಳಲ್ಲಿ ನನ್ನ ಸ್ಕೂಲಿನ ಬಗ್ಗೆ ಬಂದ ದೂರುಗಳಿಗೆಲ್ಲ ನಾನು ಲಿಖಿತ ಉತ್ತರ ಕೊಟ್ಟಿದ್ದೇನೆ. ಈ ದೂರಿನ ಉತ್ತರ ಮಾತ್ರ ಕಾಗದದ ಮೇಲೆ ಬರೆಯುವಂಥದ್ದಾಗಿರಲಿಲ್ಲ.

ಆದ್ದರಿಂದ ಮರುದಿನ, ಗುರುವಾರ, ನಾನು ಕಾರನ್ನು ಬಂಕಿಗೆ ಒಯ್ದು ಟ್ಯಾಂಕ್ ಪೂರ್ತಿ ತುಂಬಿಸಲು ಹೇಳಿದೆ. ಬಂಕಿನವರು ನಳಿಗೆ ಕೈಯಲ್ಲಿ ಹಿಡಿದುಕೊಂಡೇ ನನ್ನ ಮುಖ ನೋಡಿ, “ಯಾರಿಗೆ ಆರಾಮಿಲ್ರಿ ಶಿವಯೋಗಣ್ಣಾರ?” ಎಂದು ಮರುಗಿದರು. ಟ್ಯಾಂಕ್ ತುಂಬಿಸುವುದು ಈಗ ನಮ್ಮಲ್ಲಿ ದೂರದ ಆಸ್ಪತ್ರೆಗೆ ಹೊರಟವರು ಮಾತ್ರ. ಯಾರಿಗೂ ಏನೂ ಆಗಿಲ್ಲವೆಂದು ಹೇಳಿದಾಗ ಅವರು ಇನ್ನಷ್ಟು ಚಿಂತೆಗೊಳಗಾದರು.

ಅಂದಿನಿಂದ ನಾಲ್ಕು ದಿನ ಶಾಂತಕುಮಾರಿಯವರೂ ನಾನೂ ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗಿ ಬಂದೆವು. ಏರಿನಲ್ಲಿ ಎಂಜಿನ್, ಇಳಿಕೆಯಲ್ಲಿ ಎಂಜಿನ್, ಸಮತಟ್ಟಿನಲ್ಲೂ ಎಂಜಿನ್. ಇಷ್ಟು ದಿನ ಕಣ್ಣಿನಿಂದ ಓಡಿಸಿದ್ದನ್ನು ಅವರು ಈಗ ಕಿವಿಯಿಂದ ಓಡಿಸಲು ಕಲಿಯಬೇಕಾಯಿತು. ಮೈಲಪ್ಪನವರನ್ನು ಏರಿನಲ್ಲಿ ಹಿಂದೆ ಹಾಕಿದಾಗ ಅವರು ಟ್ರ್ಯಾಕ್ಟರ್ ನಿಲ್ಲಿಸಿ, “ಹಗ್ಗ ಎಲ್ಲೈತಬೇ ಯವ್ವಾ!” ಎಂದು ಕೂಗಿದರು; ಇವರು ಉತ್ತರವಾಗಿ ಹಾರ್ನ್ ಬಾರಿಸಿದರು. ಆದರೆ ಇಳಿಜಾರು ಕಂಡರೆ ಸಾಕು, ಕೈ ತಾನಾಗಿ ಕೀಲಿಯ ಕಡೆ ಹೋಗುತ್ತಿತ್ತು. ಅದನ್ನು ನಾನು ಕಾಗದದ ಮೇಲೆ ಗುರುತು ಹಾಕಿದ್ದೇನೆ. ಗುರುವಾರ ಹನ್ನೊಂದು ಬಾರಿ, ಶುಕ್ರವಾರ ಐದು, ಶನಿವಾರ ಎರಡು. ನಿನ್ನೆ ಭಾನುವಾರ ಒಂದೇ ಬಾರಿ. ಆ ಕೈ ನನ್ನದು. ಶಾಂತಕುಮಾರಿಯವರು ರಸ್ತೆಯಿಂದ ಕಣ್ಣು ತೆಗೆಯದೆ, “ಬಿಡ್ರಿ ಸಾರ್” ಎಂದು ಅದನ್ನು ಸರಿಸಿದರು.

ಅನುತ್ತೀರ್ಣರಾದವರು ಏಳು ದಿನ ಕಳೆದ ಮೇಲೆ ಮತ್ತೆ ಪರೀಕ್ಷೆಗೆ ಬರಬಹುದೆಂದು ತಾವೇ ಅಂದು ತಿಳಿಸಿದ್ದಿರಿ. ತಮ್ಮ ಕಛೇರಿಗೆ ಫೋನ್ ಮಾಡಿದಾಗ ಮಾತ್ರ, ಶಿಬಿರದ ಅಭ್ಯರ್ಥಿಗಳಿಗೆ ಶಿಬಿರದಲ್ಲೇ ಪರೀಕ್ಷೆ, ಆಗಸ್ಟ್ ಹದಿನಾರಕ್ಕೆ ಬನ್ನಿ ಎಂಬ ಉತ್ತರ ಬಂದಿತು. ಶಾಂತಕುಮಾರಿಯವರ ಹುದ್ದೆ ಅಷ್ಟು ದಿನ ಕಾಯುವುದಿಲ್ಲ. ಆದುದರಿಂದ ಈ ಗುರುವಾರ, ಇಪ್ಪತ್ತೇಳರಂದು, ಬೆಳಿಗ್ಗೆ ಹತ್ತು ಗಂಟೆಗೆ ನಾವು ತಮ್ಮ ಕೇಂದ್ರ ಕಛೇರಿಯ ಗೇಟಿನ ಮುಂದೆ ಇರುತ್ತೇವೆ. ಹೋಗಿಬರಲು ನೂರು ಕಿಲೋಮೀಟರಿಗೂ ಮೇಲಾಗುತ್ತದೆ. ಅಷ್ಟೂ ದಾರಿಯನ್ನು ಎಂಜಿನ್ ಆರಿಸದೆ ಕ್ರಮಿಸುತ್ತೇವೆ. ಗೇಟಿನ ಮುಂದೆ ನಿಂತಾಗಲೂ ಆರಿಸುವುದಿಲ್ಲ. ತಾವು ಎಡಗಡೆಯ ಬಾಗಿಲು ತೆರೆದು ಕುಳಿತುಕೊಂಡರೆ ಸಾಕು. ಏರು ಇರುವ ರಸ್ತೆಯನ್ನೇ ಆರಿಸಿಕೊಳ್ಳಿ. ಅವರು ಉತ್ತೀರ್ಣರಾದರೆ ಕೆಂಪು ಶಾಯಿಯ ಆ ಎರಡು ವಾಕ್ಯಗಳನ್ನು ಹೊಡೆದುಹಾಕಿ. ಉತ್ತೀರ್ಣರಾಗದಿದ್ದರೆ ಬೋಧಕನ ಹೆಸರನ್ನೂ ಸೇರಿಸಿ ಬರೆಯಿರಿ, ಕೆ. ಶಿವಯೋಗಪ್ಪ, ಇನಿಷಿಯಲ್ ಮರೆಯಬಾರದು.

ತಮ್ಮ ಅಮೂಲ್ಯ ಸಮಯವನ್ನು ಹಾಗೂ ನನ್ನ ಅಮೂಲ್ಯ ಪೆಟ್ರೋಲನ್ನು ಗುರುವಾರದ ಒಂದು ಬೆಳಗಿಗೆ ಒಟ್ಟುಗೂಡಿಸಬೇಕೆಂದು ಬೇಡಿಕೊಳ್ಳುವ

ತಮ್ಮ ವಿಶ್ವಾಸಿ,
ಕೆ. ಶಿವಯೋಗಪ್ಪ
ಡ್ರೈವಿಂಗ್ ಸ್ಕೂಲಿನ ಮಾಲೀಕ ಮತ್ತು ಏಕೈಕ ಬೋಧಕ

ವಿ.ಸೂ.: ಈ ಪತ್ರವನ್ನು ಅಂಚೆಗೆ ಹಾಕಲು ಹೊರಟಾಗ ಶಿಬಿರದ ಬೋರ್ಡಿನ ಮೇಲೆ ತಮ್ಮ ಹೊಸ ಪ್ರಕಟಣೆಯನ್ನು ಅಂಟಿಸಿದ್ದು ಕಣ್ಣಿಗೆ ಬಿತ್ತು. ಇಂಧನ ಉಳಿತಾಯದ ದೃಷ್ಟಿಯಿಂದ ಇಲಾಖೆಯ ಜೀಪು ಇನ್ನು ಮುಂದೆ ನಮ್ಮ ಊರಿಗೆ ಬರುವುದಿಲ್ಲವೆಂದೂ, ಶಿಬಿರಗಳನ್ನು ರದ್ದುಪಡಿಸಿರುವುದರಿಂದ ಪಟ್ಟಿಯಲ್ಲಿರುವ ನಲವತ್ತೆರಡು ಅಭ್ಯರ್ಥಿಗಳು ತಂತಮ್ಮ ವಾಹನಗಳಲ್ಲಿ ಯಾವುದೇ ಕೆಲಸದ ದಿನ ಕೇಂದ್ರ ಕಛೇರಿಗೆ ಬಂದು ಪರೀಕ್ಷೆ ಕೊಡಬೇಕೆಂದೂ ಅದರಲ್ಲಿದೆ. ಹೀಗಾಗಿ ನನ್ನ ಬೇಡಿಕೆ, ತಾವು ಈ ಪತ್ರವನ್ನು ಓದುವ ಮೊದಲೇ ಮಂಜೂರಾಗಿದೆ. ಒಂದು ಜೀಪಿನ ಡೀಸೆಲ್ ಉಳಿಸಲು ನಲವತ್ತೆರಡು ಗಾಡಿಗಳನ್ನು ಓಡಿಸುವ ಉಪಾಯ ಇಷ್ಟು ವರ್ಷ ಮಿತವ್ಯಯ ಕಲಿಸಿದ ನನಗೂ ಹೊಳೆದಿರಲಿಲ್ಲ. ಪ್ರಕಟಣೆಯನ್ನು ನನ್ನ ಜೊತೆಯಲ್ಲೇ ಓದಿದ ಶಾಂತಕುಮಾರಿಯವರು, “ಹಂಗಾದ್ರ ಗುರುವಾರ ಹಿಂದಿನ ಸೀಟಿನ್ಯಾಗ ಇನ್ನೂ ಮೂರು ಮಂದೀನ ಕುಂದ್ರಿಸ್ಕಳ್ಳಾನ್ರಿ ಸಾರ್. ಭಾರ ಇದ್ರ ಏರಿನ್ಯಾಗ ಹೆಂಗ ಎಳೀತೈತಿ ಅಂತ ನೋಡಾನು” ಎಂದಿದ್ದಾರೆ. ಮೂವರಿಗೂ ಹೇಳಿಯಾಗಿದೆ. ಹೋಗುವಾಗಲೂ ಬರುವಾಗಲೂ ಓಡಿಸುವವರು ಶಾಂತಕುಮಾರಿಯವರೇ. ಇದನ್ನು ಮೊದಲೇ ಬರೆದು ತಿಳಿಸುತ್ತಿದ್ದೇನೆ, ಏಕೆಂದರೆ ಆ ದಿನ ಎಂಜಿನ್ ಸದ್ದಿನಲ್ಲಿ ನನ್ನ ಮಾತು ತಮಗೆ ಕೇಳಿಸಲಾರದು.